ಬಂಗಾಳ ಕೊಲ್ಲಿಯ ಚಂಡಮಾರುತವನ್ನು ಗ್ರಾಮದಲ್ಲಿದ್ದುಕೊಂಡೇ ಗಮನಿಸುವ ಕ್ರಮ

ನಮ್ಮ ಮೂಡಲ ಸೀಮೆಯ ಜಿಲ್ಲೆಗಳಲ್ಲಿ ರಾಗಿಯ ಕುಯಿಲು ನಡೆಯುವ ಕಾಲವೂ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹುಟ್ಟುವ ಕಾಲವೂ ಒಂದೇ ಆಗಿರುತ್ತವೆ. ಆಷಾಢ ಶ್ರಾವಣಗಳಲ್ಲಿ ಬಿತ್ತಿದ ಪೈರು ಕಾರ್ತಿಕ ಮಾರ್ಗಶಿರಗಳಲ್ಲಿ ಮಾಗುವುದು. ಅದನ್ನು ಕೊಯ್ದು, ಅರಿ ಹಾಕಿ, ಬಿಸಿಲಿಗೆ ಒಣಗಲು ಬಿಟ್ಟಿರುವ ಸಮಯಕ್ಕೆ ಸರಿಯಾಗಿ ಪೂರ್ವದಿಂದ ಮೋಡ ಕವಿದು, ಮೂರು ನಾಲ್ಕು ದಿನ ಜಡಿಮಳೆ ಹಿಡಿಯುವುದುಂಟು. ಹಾಗಾದಾಗ ತೆನೆಯಲ್ಲಿಯೇ ಕಾಳು ಮೊಳೆಯುವುದು. ಹುಲ್ಲು ಕಪ್ಪಾಗಿ, ದನಗಳು ಮೂಸಿ ನೋಡಿ ಬಿಟ್ಟುಬಿಡುವುವು. ಮನೆಯವರ ವರ್ಷದ ಹಿಟ್ಟೂ ದನಗಳ ಬೇಸಗೆಯ ಮೇವೂ ಒಂದೇ ವಾರದಲ್ಲಿ ಕೈಬಿಟ್ಟು ಹೋಗುವ ಈ ಅಪಾಯವನ್ನು ತಡೆಯುವುದಕ್ಕೆ ಮನುಷ್ಯನಿಂದ ಸಾಧ್ಯವಿಲ್ಲ. ಆದರೆ ಎರಡು ದಿನ ಮುಂಚಿತವಾಗಿ ಅದನ್ನು ತಿಳಿದುಕೊಂಡರೆ ಕುಯಿಲನ್ನು ನಿಲ್ಲಿಸಬಹುದು, ಇಲ್ಲವೇ ಕೊಯ್ದದ್ದನ್ನು ಮೆದೆ ಮಾಡಿ ಮುಚ್ಚಬಹುದು. ಈ ಎರಡು ದಿನಗಳ ಅವಕಾಶವನ್ನು ಗ್ರಾಮಸ್ಥರು ಹೇಗೆ ಸಂಪಾದಿಸಿಕೊಳ್ಳಬಹುದೆಂಬುದೇ ಈ ಕರಪತ್ರದ ವಿಷಯ.

ಪಂಚಾಂಗವನ್ನು ನೋಡಿ ಅನೂರಾಧ ಮಳೆ, ಜ್ಯೇಷ್ಠ ಮಳೆ ಎಂದು ಹೇಳುವ ವಾಡಿಕೆಯನ್ನು ಇಲ್ಲಿ ಹಳಿಯುವ ಉದ್ದೇಶವಿಲ್ಲ. ನಕ್ಷತ್ರದ ಲೆಕ್ಕವು ಋತುವಿನ ಲೆಕ್ಕ. ಇಂತಹ ಹದಿಮೂರು ಹದಿನಾಲ್ಕು ದಿನಗಳಲ್ಲಿ ಮಳೆ ಬರುವುದುಂಟೆಂದು ಹಿರಿಯರು ಅನುಭವದಿಂದ ಗುರುತಿಸಿದ್ದಾರೆ. ಆದರೆ ಬರುವ ಸೋಮವಾರ ಕೊಯ್ಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ಅದಕ್ಕೆ ಸಮುದ್ರದ ಮೇಲೆ ಆ ವಾರ ಏನು ನಡೆಯುತ್ತಿದೆಯೆಂಬುದನ್ನು ತಿಳಿಯಬೇಕು.

ಚಂಡಮಾರುತವೆಂದರೇನು

ಸಮುದ್ರದ ನೀರು ಸುಮಾರು ೨೬.೫ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಿರುವಲ್ಲಿ, ಅದರ ಆವಿಯು ಮೇಲಕ್ಕೇರಿ ಮೋಡವಾಗಿ ತಣಿಯುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಗಾಳಿಗೆ ಬಿಟ್ಟುಕೊಡುವುದು. ಗಾಳಿ ಹಗುರವಾಗಿ ಇನ್ನೂ ಮೇಲಕ್ಕೇರುವುದು. ಕೆಳಗೆ ವಾಯುಭಾರ ಕಡಮೆಯಾಗುವುದು. ಸುತ್ತಲಿನ ಗಾಳಿ ಆ ಕಡೆಗೆ ನುಗ್ಗುವುದು. ಭೂಮಿಯು ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೆಟ್ಟಗೆ ಕೇಂದ್ರಕ್ಕೆ ಹೋಗದೆ ಪಕ್ಕಕ್ಕೆ ಸರಿದು ಸುತ್ತುತ್ತದೆ. ಭೂಮಧ್ಯರೇಖೆಯ ಉತ್ತರಕ್ಕಿರುವ ನಮ್ಮ ಭಾಗದಲ್ಲಿ ಈ ಸುತ್ತು ಯಾವಾಗಲೂ ಅಪ್ರದಕ್ಷಿಣವಾಗಿರುವುದು, ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುವುದು. ಈ ಒಂದು ಸಂಗತಿಯನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಮುಂದೆ ಹೇಳುವ ಗಾಳಿಯ ಲೆಕ್ಕವೆಲ್ಲವೂ ಇದರ ಮೇಲೆಯೇ ನಿಂತಿದೆ.

ಸುತ್ತುವ ಗಾಳಿಯ ವೇಗವನ್ನನುಸರಿಸಿ ಭಾರತ ಹವಾಮಾನ ಇಲಾಖೆಯವರು ಇದಕ್ಕೆ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿರುತ್ತಾರೆ. ಗಂಟೆಗೆ ೩೧ ಕಿಲೋಮೀಟರ್ ಮುಟ್ಟಿದಾಗ ವಾಯುಭಾರ ಕುಸಿತ. ೫೦ ಮುಟ್ಟಿದಾಗ ತೀವ್ರ ವಾಯುಭಾರ ಕುಸಿತ. ೬೨ ಮುಟ್ಟಿದಾಗ ಚಂಡಮಾರುತ. ೮೯ಕ್ಕೆ ತೀವ್ರ ಚಂಡಮಾರುತವೆಂದೂ ೧೧೮ಕ್ಕೆ ಅತಿ ತೀವ್ರವೆಂದೂ ಮೇಲಕ್ಕೆ ಹೋಗಿ, ೨೨೧ನ್ನು ದಾಟಿದರೆ ಮಹಾ ಚಂಡಮಾರುತವೆನಿಸುವುದು. ೧೯೯೯ನೆಯ ಇಸವಿ ಅಕ್ಟೋಬರ್ ೨೯ರಂದು ಒಡಿಸ್ಸಾ ತೀರಕ್ಕೆ ಬಡಿದದ್ದು ಈ ಕೊನೆಯ ದರ್ಜೆಯದು. ೬೨ ಕಿಲೋಮೀಟರ್ ಮುಟ್ಟಿದ ಮೇಲೆ ಮಾತ್ರವೇ, ಹದಿಮೂರು ದೇಶಗಳು ಮೊದಲೇ ಒಪ್ಪಿಕೊಂಡಿರುವ ಪಟ್ಟಿಯಿಂದ ಅದಕ್ಕೆ ಒಂದು ಹೆಸರಿಡುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ದರ್ಜೆಗಳೆಲ್ಲವೂ ಗಾಳಿಯ ದರ್ಜೆಗಳೇ ಹೊರತು ಮಳೆಯ ದರ್ಜೆಗಳಲ್ಲ. ಕಡಲ ಕರೆಯವನಿಗೆ ಗಾಳಿಯೂ ಅಲೆಯೂ ಶತ್ರುಗಳು. ಸಮುದ್ರದಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಒಳಗಿರುವ ನಮಗೆ ಗಾಳಿಯ ಬಲ ಬರುವಷ್ಟರಲ್ಲಿ ಉಡುಗಿರುತ್ತದೆ. ಮಳೆ ಮಾತ್ರ ಉಡುಗಿರುವುದಿಲ್ಲ. ಹೆಸರಿಡದ ವಾಯುಭಾರ ಕುಸಿತವೊಂದು ಹೆಸರುವಾಸಿಯಾದ ಚಂಡಮಾರುತಕ್ಕಿಂತ ನಮ್ಮ ಕಣಕ್ಕೆ ಹೆಚ್ಚು ಕೇಡು ಮಾಡಬಹುದು. ವೃತ್ತಪತ್ರಿಕೆಯಲ್ಲಿ ದೊಡ್ಡ ಅಕ್ಷರದ ಹೆಸರು ಕಾಣಲಿಲ್ಲವೆಂದು ನಿಶ್ಚಿಂತರಾಗಿರುವುದು ಸರಿಯಲ್ಲ.

ಹವ್ಯಾಸಿಗಳ ಕೆಲಸ ಹೊಸದಲ್ಲ

ಹವೆಯನ್ನು ನೋಡುವುದು ಸರ್ಕಾರದ ನೌಕರರ ಕೆಲಸವೆಂದೂ ಗ್ರಾಮಸ್ಥರಿಗೆ ಅದು ಸಲ್ಲದೆಂದೂ ಕೆಲವರು ತಿಳಿದಿರುವರು. ಬಂಗಾಳ ಕೊಲ್ಲಿಯ ಬಿರುಗಾಳಿಗಳ ಶಾಸ್ತ್ರವನ್ನು ಮೊದಲು ಕಟ್ಟಿದವರಲ್ಲಿ ಮುಖ್ಯನಾದವನು ಹವಾಮಾನದ ನೌಕರನೇ ಆಗಿರಲಿಲ್ಲ. ಹೆನ್ರಿ ಪಿಡಿಂಗ್ಟನ್ ಎಂಬಾತನು ಹಡಗಿನ ಕಸುಬಿನಲ್ಲಿದ್ದು ಕಲ್ಕತ್ತೆಯಲ್ಲಿ ನೆಲಸಿದವನು. ೧೮೩೯ನೆಯ ಇಸವಿಯಿಂದ ಮುಂದಕ್ಕೆ ಅವನು ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿಗಳನ್ನು ಬೇಡಿ ತರಿಸಿಕೊಂಡು, ಯಾವ ಹೊತ್ತಿನಲ್ಲಿ ಯಾವ ಹಡಗಿಗೆ ಯಾವ ದಿಕ್ಕಿನ ಗಾಳಿ ಬೀಸಿತೆಂಬುದನ್ನು ಒಂದೇ ನಕ್ಷೆಯಲ್ಲಿ ಗುರುತು ಹಾಕುತ್ತ ಬಂದನು. ಗುರುತುಗಳೆಲ್ಲವೂ ಸುತ್ತಿಕೊಂಡ ಹಾವಿನಂತೆ ಕಂಡುದರಿಂದ, ಹಾವಿನ ಸುರುಳಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ‘ಸೈಕ್ಲೋನ್’ ಎಂಬ ಹೆಸರನ್ನು ಮಾಡಿ, ೧೮೪೮ರಲ್ಲಿ ಹಡಗಿನವರಿಗಾಗಿ ಬರೆದ ಕೈಪಿಡಿಯಲ್ಲಿ ಬಳಸಿದನು. ಇಂದು ಜಗತ್ತಿನಲ್ಲೆಲ್ಲ ನಡೆಯುತ್ತಿರುವ ಹೆಸರು ಅದೇ.

ಅವನು ೧೮೫೩ರಲ್ಲಿ ಗವರ್ನರ್ ಜನರಲ್‌ಗೆ ಒಂದು ಪತ್ರ ಬರೆದು, ಕಲ್ಕತ್ತೆಯ ದಕ್ಷಿಣಕ್ಕೆ ಮಾತ್ಲಾ ನದಿಯ ಮೇಲೆ ಕಟ್ಟಬೇಕೆಂದಿದ್ದ ಹೊಸ ಬಂದರು ಒಂದು ದಿನ ಚಂಡಮಾರುತದ ಅಲೆಗೆ ಸಿಕ್ಕಿ ಹಾಳಾಗುವುದೆಂದು ಎಚ್ಚರಿಸಿದನು. ಆ ಮಾತನ್ನು ಯಾರೂ ಗಣನೆಗೆ ತರಲಿಲ್ಲ. ಬಂದರು ಕಟ್ಟಿಯಾಯಿತು. ೧೮೬೭ರ ಚಂಡಮಾರುತದಲ್ಲಿ ಅದು ಹಾಳಾಯಿತು. ಆ ವೇಳೆಗೆ ಪಿಡಿಂಗ್ಟನ್ ತೀರಿಹೋಗಿ ಒಂಬತ್ತು ವರ್ಷಗಳಾಗಿದ್ದುವು. ಇದರ ನಡುವೆ ೧೮೬೪ರ ಅಕ್ಟೋಬರಿನಲ್ಲಿ ಕಲ್ಕತ್ತೆಗೇ ಬಂದ ಚಂಡಮಾರುತದಲ್ಲಿ ಹತ್ತಾರು ಸಾವಿರ ಜನರು ಮೃತರಾದ ಮೇಲೆ ಸರ್ಕಾರದವರು ಎಚ್ಚೆತ್ತರು. ೧೮೭೫ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪಿತವಾಯಿತು.

ಪಿಡಿಂಗ್ಟನ್ನನ ಉಪಾಯದಲ್ಲಿ ದೊಡ್ಡ ಯಂತ್ರವೇನೂ ಇರಲಿಲ್ಲ. ಹಲವು ಸ್ಥಳಗಳಲ್ಲಿ ಹಲವರು ಒಂದೇ ಹೊತ್ತಿನಲ್ಲಿ ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆದಿಡುವುದು, ಅವುಗಳನ್ನು ಒಂದೆಡೆ ಸೇರಿಸುವುದು, ಇಷ್ಟೇ. ಈಗ ತಮಿಳುನಾಡಿನಲ್ಲಿಯೂ ನಮ್ಮಲ್ಲಿಯೂ ಅನೇಕ ಹವ್ಯಾಸಿಗಳು ತಮ್ಮ ಮನೆಯ ಮಾಳಿಗೆಯ ಮೇಲೆ ಮಳೆಮಾಪಕವಿಟ್ಟು, ಕೈಯಲ್ಲಿರುವ ಫೋನಿನ ಮೂಲಕ ಅದೇ ಕೆಲಸವನ್ನು ಮಾಡುತ್ತಿದ್ದಾರೆ. ಅವರು ಎಂಥ ಕೆಲಸವನ್ನು ಮಾಡಬಲ್ಲರು, ಎಲ್ಲಿ ಎಡವುವರು ಎಂಬುದನ್ನು ಇತ್ತೀಚಿನ ಒಂದು ಚಂಡಮಾರುತದ ಚರಿತ್ರೆಯಿಂದ ತಿಳಿಯಬಹುದು.

೨೦೨೪ರ ಫೆಂಗಲ್ ಚಂಡಮಾರುತ

೨೦೨೪ನೆಯ ಇಸವಿ ನವೆಂಬರ್ ೨೫ರಂದು ಬಂಗಾಳ ಕೊಲ್ಲಿಯ ನೈರುತ್ಯ ಭಾಗದಲ್ಲಿ ವಾಯುಭಾರ ಕುಸಿತವೊಂದು ಉಂಟಾಯಿತು. ಮಾರನೆಯ ದಿನ ಅದು ತೀವ್ರ ಕುಸಿತವಾಗಿ, ಸಿಂಹಳ ದ್ವೀಪದ ಪೂರ್ವ ತೀರವನ್ನು ಸವರಿಕೊಂಡು ಮೆಲ್ಲಮೆಲ್ಲನೆ ಉತ್ತರಕ್ಕೆ ಸರಿಯಿತು. ಆ ದ್ವೀಪದಲ್ಲಿ ಪ್ರವಾಹ ಬಂದು ಹತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಚಂಡಮಾರುತವಾಗುವುದೆಂಬ ನಿರೀಕ್ಷೆಯು ದಿನದಿಂದ ದಿನಕ್ಕೆ ಮುಂದಕ್ಕೆ ಹೋಗಿ, ಆಗಲಾರದೆಂದೇ ಹಲವರು ತಿಳಿದಿರುವಾಗ, ೨೯ರ ಮಧ್ಯಾಹ್ನ ಗಾಳಿ ೬೨ ಕಿಲೋಮೀಟರನ್ನು ಮುಟ್ಟಿ ಅದಕ್ಕೆ ಸೌದಿ ಅರೇಬಿಯಾದವರು ಸೂಚಿಸಿದ್ದ ಫೆಂಗಲ್ ಎಂಬ ಹೆಸರು ಬಂದಿತು. ೩೦ರ ರಾತ್ರಿ ಪುದುಚೇರಿಯ ಬಳಿ ನೆಲಕ್ಕೆ ಹತ್ತಿತು. ಗಾಳಿಯ ವೇಗ ೭೦ರಿಂದ ೮೦ ಕಿಲೋಮೀಟರ್. ಚಂಡಮಾರುತಗಳಲ್ಲಿ ಇದು ಸಾಮಾನ್ಯವಾದದ್ದೇ.

ನೆಲಕ್ಕೆ ಹತ್ತಿದ ಚಂಡಮಾರುತವು ಬೇಗನೆ ಒಳಕ್ಕೆ ಸರಿದು ಕರಗುವುದು ವಾಡಿಕೆ. ಇದು ಹಾಗೆ ಮಾಡಲಿಲ್ಲ. ಪುದುಚೇರಿಯ ಬಳಿಯೇ ಅನೇಕ ಗಂಟೆಗಳ ಕಾಲ ಕದಲದೆ ನಿಂತುಬಿಟ್ಟಿತು. ಆ ಪಟ್ಟಣದಲ್ಲಿ ೨೪ ಗಂಟೆಗಳಲ್ಲಿ ೪೫ ಸೆಂಟಿಮೀಟರಿಗೂ ಮೀರಿ ಮಳೆ ಸುರಿಯಿತು. ಬಳಿಕ ಕುಸಿತವಾಗಿ ಇಳಿದು ಪಶ್ಚಿಮಕ್ಕೆ ಸರಿಯುವಾಗ, ಕಡಲಿನಿಂದ ನೂರು ಕಿಲೋಮೀಟರಿಗಿಂತಲೂ ಒಳಗಿರುವ, ನಮ್ಮ ಗಡಿಗೆ ಸೇರಿದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ ಸುಮಾರು ೫೦ ಸೆಂಟಿಮೀಟರ್ ಮಳೆಯಾಯಿತು. ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಕೆಳಗೆ ತಮಿಳುನಾಡಿನಲ್ಲಿ ಉಕ್ಕಿ, ಸಾತನೂರು ಅಣೆಕಟ್ಟಿನಿಂದ ಡಿಸೆಂಬರ್ ೨ರ ನಸುಕಿನಲ್ಲಿ ಒಂದೂವರೆ ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಡಬೇಕಾಯಿತು. ತಿರುವಣ್ಣಾಮಲೆಯಲ್ಲಿ ಬೆಟ್ಟ ಕುಸಿದು ಏಳು ಮಂದಿ ಮಡಿದರು. ಕೋಲಾರ, ಬೆಂಗಳೂರು, ಮೈಸೂರು ಸೀಮೆಗಳಲ್ಲಿ ಡಿಸೆಂಬರ್ ಮೊದಲ ದಿನಗಳಲ್ಲಿ ಸೂರ್ಯನು ಕಾಣಲಿಲ್ಲ, ಜಡಿಮಳೆ ಹಿಡಿಯಿತು. ಅಳಿದುಳಿದ ಸುತ್ತು ೩ರಂದು ನಮ್ಮ ಪಶ್ಚಿಮ ಕರಾವಳಿಯನ್ನು ದಾಟಿ ಅರಬ್ಬೀ ಸಮುದ್ರಕ್ಕೆ ಹೋಯಿತು.

ಇದಕ್ಕೆ ಪ್ರತಿಯಾಗಿ ೨೦೧೬ನೆಯ ಇಸವಿ ಡಿಸೆಂಬರ್ ೧೨ರಂದು ಚೆನ್ನೈಗೆ ಬಂದ ವರ್ದಾ ಚಂಡಮಾರುತವನ್ನು ನೋಡಿರಿ. ಅದು ಗಾಳಿಯಲ್ಲಿ ಫೆಂಗಲ್‌ಗಿಂತ ಬಹಳ ಬಲವಾದದ್ದು. ಆ ನಗರದಲ್ಲಿ ಸಾವಿರಾರು ಮರಗಳನ್ನು ಉರುಳಿಸಿತು. ಆದರೆ ನಿಲ್ಲದೆ ಒಳಕ್ಕೆ ಸಾಗಿ ಬೇಗನೆ ಬಲಗುಂದಿತು. ಚಂಡಮಾರುತದ ಎರಡು ವೇಗಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕೆಂಬುದು ಇದರಿಂದ ಸ್ಪಷ್ಟವಾಗುವುದು. ಒಂದು, ಬುಗುರಿಯಂತೆ ತನ್ನ ಸುತ್ತ ತಿರುಗುವ ವೇಗ. ಮತ್ತೊಂದು, ಬುಗುರಿಯು ನೆಲದ ಮೇಲೆ ಸರಿಯುವ ವೇಗ. ಸರಿಯುವ ವೇಗವು ಸಾಮಾನ್ಯವಾಗಿ ಗಂಟೆಗೆ ೧೦ರಿಂದ ೨೦ ಕಿಲೋಮೀಟರ್ ಇರುವುದು. ಅದು ೫ಕ್ಕೆ ಇಳಿದರೆ ರೈತನು ಭಯಪಡಬೇಕು. ಫೆಂಗಲ್ ಬಂದಾಗ ಹವ್ಯಾಸಿಗಳಲ್ಲಿ ಯಾರು ಹೆಸರನ್ನೂ ಗಾಳಿಯನ್ನೂ ಮಾತ್ರ ಹಿಂಬಾಲಿಸಿದರೋ ಅವರಿಗೆ ಅದು ಸಪ್ಪೆಯಾಗಿ ಕಂಡಿರಬೇಕು; ಯಾರು ಇಂದಿನ ಸ್ಥಾನವನ್ನು ನಿನ್ನೆಯ ಸ್ಥಾನದೊಡನೆ ಅಳೆದು ಅದರ ನಿಧಾನವನ್ನು ಗುರುತಿಸಿದರೋ ಅವರು ಮಳೆಯನ್ನು ಮೊದಲೇ ಕಂಡರು.

ಗಾಳಿಯಿಂದ ಕೇಂದ್ರವನ್ನು ತಿಳಿಯುವುದು

ಹಾಲೆಂಡ್ ದೇಶದ ಬೈಸ್ ಬ್ಯಾಲೆಟ್ ಎಂಬ ವಿದ್ವಾಂಸನು ೧೮೫೭ರಲ್ಲಿ ಪ್ರಕಟಿಸಿದ ನಿಯಮವೊಂದಿದೆ. ಬೀಸುವ ಗಾಳಿಗೆ ಬೆನ್ನು ಕೊಟ್ಟು ನಿಂತರೆ, ಭೂಮಧ್ಯರೇಖೆಯ ಉತ್ತರದ ನಾಡುಗಳಲ್ಲಿ, ಕಡಮೆ ವಾಯುಭಾರದ ಕೇಂದ್ರವು ಎಡಗೈಯ ಕಡೆಗಿರುವುದು. ನೆಲದ ತಡೆಯಿಂದ ಗಾಳಿ ಒಳಕ್ಕೆ ವಾಲುವುದರಿಂದ ನೇರ ಎಡಕ್ಕಿಂತ ಕೊಂಚ ಮುಂದಕ್ಕಿರುವುದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಕೋಲಾರದಲ್ಲಿ ಉತ್ತರದ ಗಾಳಿ ಬೀಸುತ್ತಿದ್ದರೆ ಅದಕ್ಕೆ ಬೆನ್ನು ಮಾಡಿದವನ ಮುಖ ದಕ್ಷಿಣಕ್ಕೆ, ಎಡಗೈ ಪೂರ್ವಕ್ಕೆ. ಕೇಂದ್ರವು ಪೂರ್ವದಲ್ಲಿ, ಎಂದರೆ ಚೆನ್ನೈಯ ಕಡೆಗಿರುವುದೆಂದು ತಿಳಿಯಬೇಕು. ಕೆಲವು ಗಂಟೆಗಳ ಮೇಲೆ ಗಾಳಿಯು ಈಶಾನ್ಯಕ್ಕೂ ಆ ಮೇಲೆ ಪೂರ್ವಕ್ಕೂ ತಿರುಗಿದರೆ, ಎಂದರೆ ಪ್ರದಕ್ಷಿಣವಾಗಿ ಸುತ್ತಿದರೆ, ಕೇಂದ್ರವು ನಮ್ಮ ದಕ್ಷಿಣದಲ್ಲಿ ಹಾದುಹೋಗುತ್ತಿದೆ. ಹಾಗಲ್ಲದೆ ಉತ್ತರದಿಂದ ವಾಯವ್ಯಕ್ಕೂ ಪಶ್ಚಿಮಕ್ಕೂ ತಿರುಗಿದರೆ ಕೇಂದ್ರವು ನಮ್ಮ ಉತ್ತರದಲ್ಲಿ ಹೋಗುತ್ತಿದೆ. ದಿಕ್ಕು ಬದಲಾಗದೆ ಬಿರುಸು ಮಾತ್ರ ಏರುತ್ತಿದ್ದರೆ ಅದು ನೆಟ್ಟಗೆ ನಮ್ಮ ಕಡೆಗೇ ಬರುತ್ತಿದೆಯೆಂದು ಭಾವಿಸತಕ್ಕದ್ದು.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಕಾರ್ತಿಕ ಮಾರ್ಗಶಿರಗಳಲ್ಲಿ ನಮ್ಮಲ್ಲಿ ಚಂಡಮಾರುತವಿಲ್ಲದಿದ್ದರೂ ಗಾಳಿ ಈಶಾನ್ಯದಿಂದಲೋ ಪೂರ್ವದಿಂದಲೋ ಬೀಸುವುದು ಸಹಜ. ಆದುದರಿಂದ ಪೂರ್ವದ ಗಾಳಿ ಕಂಡೊಡನೆ ಗಾಬರಿಯಾಗಬಾರದು. ಈ ಋತುವಿನಲ್ಲಿ ಅಪರೂಪವಾದ ಉತ್ತರ ಅಥವಾ ವಾಯವ್ಯದ ಗಾಳಿಯು ಮೋಡದೊಡನೆ ಕೂಡಿ ಒಂದು ಇಡೀ ದಿನ ನಿಂತರೆ ಮಾತ್ರ ಅದಕ್ಕೆ ಅರ್ಥವಿದೆ. ಮತ್ತೆ, ಬೆಟ್ಟದ ಸಾಲಿನ ಮಗ್ಗುಲಿನ ಊರುಗಳಲ್ಲಿ ನೆಲದ ಗಾಳಿ ಕಣಿವೆಯನ್ನು ಅನುಸರಿಸಿ ಸುಳ್ಳು ಹೇಳುವುದು. ಅಂಥ ಸ್ಥಳಗಳಲ್ಲಿ ತೆಂಗಿನ ಮರದ ಸುಳಿಯನ್ನು ನೋಡುವುದಕ್ಕಿಂತ, ಕೆಳಗೆ ಓಡುವ ಹರಕು ಮೋಡಗಳು ಯಾವ ಕಡೆಯಿಂದ ಬರುತ್ತಿವೆಯೆಂದು ನೋಡುವುದು ಉತ್ತಮ. ನೆಟ್ಟ ಕಂಬದ ತುದಿಯನ್ನು ಗುರಿಯಿಟ್ಟುಕೊಂಡು ಎರಡು ನಿಮಿಷ ನಿಂತು ನೋಡಿದರೆ ಮೋಡದ ಓಟ ಸ್ಪಷ್ಟವಾಗುವುದು.

ಒಬ್ಬನ ಲೆಕ್ಕವು ದಿಕ್ಕನ್ನು ಮಾತ್ರ ಹೇಳೀತು, ದೂರವನ್ನು ಹೇಳದು. ಮುಳಬಾಗಿಲಿನವನಿಗೆ ಈಶಾನ್ಯದ ಗಾಳಿ. ಅದೇ ಹೊತ್ತಿನಲ್ಲಿ ಸೇಲಂನಲ್ಲಿರುವ ನೆಂಟನಿಗೆ ಉತ್ತರದ ಗಾಳಿ ಎಂದಿಟ್ಟುಕೊಳ್ಳೋಣ. ಮುಳಬಾಗಿಲಿನಿಂದ ಆಗ್ನೇಯಕ್ಕೆ ಒಂದು ಗೆರೆ, ಸೇಲಂನಿಂದ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅವೆರಡೂ ಪುದುಚೇರಿಯ ಆಸುಪಾಸಿನಲ್ಲಿ ಕೂಡುವುವು. ಕೇಂದ್ರವು ಸುಮಾರಾಗಿ ಅಲ್ಲಿರಬೇಕು. ಶಾಲೆಯ ಮಕ್ಕಳ ನಕ್ಷೆಯ ಪುಸ್ತಕವೊಂದಿದ್ದರೆ ಈ ಕೆಲಸ ನಡೆಯುತ್ತದೆ. ಮಕ್ಕಳಿಂದಲೇ ಮಾಡಿಸುವುದು ಇನ್ನೂ ಒಳ್ಳೆಯದು.

ವಾಯುಭಾರ, ಆಕಾಶ, ಮಳೆ

ಈಗಿನ ಕೆಲವು ಫೋನುಗಳ ಒಳಗೆಯೇ ವಾಯುಭಾರಮಾಪಕವಿರುವುದು. ಅದನ್ನು ಉಪಯೋಗಿಸುವವರು ಎರಡು ಸಂಗತಿಗಳನ್ನು ತಿಳಿದಿರತಕ್ಕದ್ದು. ಮೊದಲನೆಯದು, ನಮ್ಮ ಭೂಮಿ ಎತ್ತರವಾದದ್ದು. ಬೆಂಗಳೂರಿನಲ್ಲಿ ಅಂಕಿಯು ಸುಮಾರು ೯೧೦ ಮಿಲಿಬಾರ್ ಇರುವುದೇ ಸಹಜ. ಚೆನ್ನೈಯ ೧೦೧೦ರೊಡನೆ ಇದನ್ನು ಹೋಲಿಸಿ, ಚಂಡಮಾರುತ ತಲೆಯ ಮೇಲಿದೆಯೆಂದು ಕೂಗಬಾರದು. ಎರಡನೆಯದು, ಉಷ್ಣ ದೇಶಗಳಲ್ಲಿ ವಾಯುಭಾರಕ್ಕೂ ಸಮುದ್ರದಂತೆ ಭರತ ಇಳಿತಗಳಿವೆ. ಬೆಳಗ್ಗೆ ೧೦ರ ಹೊತ್ತಿಗೂ ರಾತ್ರಿ ೧೦ರ ಹೊತ್ತಿಗೂ ಏರಿರುವುದು. ಸಂಜೆ ೪ಕ್ಕೂ ನಸುಕಿನ ೪ಕ್ಕೂ ಇಳಿದಿರುವುದು. ಬೆಳಗಿನಿಂದ ಸಂಜೆಗೆ ಮೂರು ನಾಲ್ಕು ಮಿಲಿಬಾರ್ ಇಳಿಯುವುದು ಪ್ರತಿದಿನದ ಮಾತು. ಆದುದರಿಂದ ಇಂದಿನ ಬೆಳಗ್ಗೆಯ ಅಂಕಿಯನ್ನು ಇಂದಿನ ಸಂಜೆಯದರೊಡನೆ ಹೋಲಿಸದೆ, ನಿನ್ನೆಯ ಅದೇ ಹೊತ್ತಿನದರೊಡನೆ ಹೋಲಿಸಬೇಕು. ಆ ಕಾಲಕ್ಕೆ ಸಹಜವಾದ ಅಂಕಿಗಿಂತ ೩ ಮಿಲಿಬಾರ್ ಇಳಿದರೆ ಅನುಮಾನ, ೫ ಇಳಿದರೆ ನಿಶ್ಚಯ ಎಂಬುದು ಹಡಗಿನವರ ಸೂತ್ರ. ಒಳನಾಡಿನಲ್ಲಿ ಇಳಿತ ಇಷ್ಟು ಬಲವಾಗಿರುವುದಿಲ್ಲ. ಎರಡು ದಿನ ಬಿಡದೆ ಇಳಿಯುತ್ತ ಬಂದರೆ ಸಾಕು, ಎಚ್ಚರವಾಗಬೇಕು.

ಆಕಾಶವನ್ನು ಓದುವುದರಲ್ಲಿ ನಮ್ಮ ಹಿರಿಯರು ನಿಪುಣರು. ಚಂಡಮಾರುತವು ಇನ್ನೂ ನೂರಾರು ಕಿಲೋಮೀಟರ್ ದೂರದಲ್ಲಿರುವಾಗಲೇ ಅದರ ನೆತ್ತಿಯಿಂದ ಹೊರಚೆಲ್ಲಿದ ಗರಿಯಂಥ ಎತ್ತರದ ಮೋಡಗಳು, ದಿಗಂತದ ಒಂದೇ ಸ್ಥಳದಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡಿ ಕಾಣುವುವು. ಆ ಮೇಲೆ ತೆಳ್ಳನೆಯ ಹಾಲಿನ ಪೊರೆ; ಚಂದ್ರನ ಸುತ್ತ ಕೊತ್ತಲ; ಬಳಿಕ ಬೂದಿಬಣ್ಣದ ಹೊದಿಕೆ; ಕಡೆಗೆ ಕೆಳಗೆ ಓಡುವ ಹರಕು ಮೋಡ. ಈ ಕ್ರಮದಲ್ಲಿಯೇ ಬಂದರೆ ನಂಬಬಹುದು. ಬರಿಯ ಚಂದ್ರನ ಕೊತ್ತಲವನ್ನಷ್ಟೇ ನೋಡಿ ಕುಯಿಲನ್ನು ನಿಲ್ಲಿಸುವುದು ತರವಲ್ಲ. ಅದು ಚಂಡಮಾರುತವಿಲ್ಲದೆಯೂ ಕಾಣುವುದುಂಟು.

ಮಳೆಯನ್ನು ಅಳೆಯುವುದಕ್ಕೆ ಬಾಯಿಯೂ ತಳವೂ ಒಂದೇ ಅಗಲವಾಗಿರುವ, ಚಪ್ಪಟೆ ತಳದ ಡಬ್ಬಿಯೊಂದು ಸಾಕು. ಅಂಗಳದಲ್ಲಿ ಮರ ಗೋಡೆಗಳಿಂದ ಅವುಗಳ ಎತ್ತರಕ್ಕೆ ಎರಡರಷ್ಟು ದೂರದಲ್ಲಿ, ಉರುಳದಂತೆ ಹೂಳಿ, ಬಾಯಿ ನೆಲದಿಂದ ಸುಮಾರು ಒಂದು ಅಡಿ ಮೇಲಿರುವಂತೆ ಇಡತಕ್ಕದ್ದು. ಇಲಾಖೆಯ ದಿನವು ಬೆಳಗ್ಗೆ ೮ ಗಂಟೆ ೩೦ ನಿಮಿಷಕ್ಕೆ ಮುಗಿಯುವುದರಿಂದ ಅದೇ ಹೊತ್ತಿಗೆ ಅಡ್ಡಪಟ್ಟಿಯನ್ನು ಇಳಿಸಿ ಮಿಲಿಮೀಟರ್ ಲೆಕ್ಕ ನೋಡಿ, ಬರೆದು, ನೀರನ್ನು ಚೆಲ್ಲಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಗೆ ಸುಮಾರು ೪,೦೪೭ ಲೀಟರ್ ನೀರು. ೫೦ ಮಿಲಿಮೀಟರ್ ಬಿದ್ದರೆ ಎಕರೆಗೆ ಎರಡು ಲಕ್ಷ ಲೀಟರ್ ಬಿದ್ದಂತಾಯಿತು. ಕೆರೆಯ ಅಚ್ಚುಕಟ್ಟಿನ ಯಜಮಾನರು ಈ ಗುಣಾಕಾರವನ್ನು ತಮ್ಮ ಕೆರೆಯ ಜಲಾನಯನದ ಎಕರೆಗಳಿಗೆ ಹಚ್ಚಿ ನೋಡಿದರೆ ಕೋಡಿ ಹರಿಯುವ ಮುನ್ನವೇ ಅದರ ಅಂದಾಜು ಸಿಕ್ಕುವುದು, ನೆಲವು ಸ್ವಲ್ಪ ಭಾಗವನ್ನು ಹೀರಿಕೊಳ್ಳುವುದೆಂಬುದನ್ನು ಮಾತ್ರ ಮರೆಯಬಾರದು. ದಿನಕ್ಕೆ ೬೪.೫ ಮಿಲಿಮೀಟರ್ ದಾಟಿದರೆ ಭಾರೀ ಮಳೆ; ೧೧೫.೬ ಮುಟ್ಟಿದರೆ ಅತಿ ಭಾರೀ ಮಳೆ, ೨೦೪.೪ ಮೀರಿದರೆ ಅತ್ಯಂತ ಭಾರೀ ಮಳೆ ಎಂಬುದು ಇಲಾಖೆಯ ವಿಂಗಡಣೆ.

ಇಲಾಖೆಯ ಸೂಚನೆಯೂ ಬಾಯಿಮಾತೂ

ಗ್ರಾಮದ ವೀಕ್ಷಣೆಯು ಇಲಾಖೆಯ ಸೂಚನೆಗೆ ಪೂರಕವೇ ಹೊರತು ಪ್ರತಿಸ್ಪರ್ಧಿಯಲ್ಲ. ಇಲಾಖೆಯವರಲ್ಲಿ ಅಂತರಿಕ್ಷದಿಂದ ಮೋಡಗಳ ಚಿತ್ರ ತೆಗೆಯುವ ಉಪಗ್ರಹಗಳಿವೆ. ಚೆನ್ನೈ, ಕಾರೈಕಾಲ್, ಮಚಲೀಪಟ್ಟಣಗಳಲ್ಲಿ ಮಳೆಯನ್ನು ದೂರದಿಂದ ಕಾಣುವ ರಾಡಾರುಗಳಿವೆ. ಅಪಾಯ ಕಂಡಾಗ ತೀರದವರಿಗೆ ೭೨ ಗಂಟೆ ಮುಂಚೆ ಮುನ್ಸೂಚನೆ, ೪೮ ಗಂಟೆ ಮುಂಚೆ ಎಚ್ಚರಿಕೆ, ೨೪ ಗಂಟೆ ಮುಂಚೆ ಕಟ್ಟೆಚ್ಚರಿಕೆ, ೧೨ ಗಂಟೆ ಮುಂಚೆ ನೆಲಕ್ಕೆ ಹತ್ತಿದ ಮೇಲಿನ ಮುನ್ನೋಟ ಎಂದು ನಾಲ್ಕು ಹಂತಗಳಲ್ಲಿ ತಿಳಿಸುವರು. ಒಳನಾಡಿನವರಿಗೆ ಈ ಕೊನೆಯದು ಬಹು ಮುಖ್ಯ. ಏಕೆಂದರೆ ನಮ್ಮ ಕಡೆಗೆ ಮಳೆ ಎಲ್ಲಿ ಸರಿಯುವುದೆಂಬ ವಿವರವು ಅದರಲ್ಲಿರುವುದು. ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಸೂಚನೆಯೂ ಹೊರಡುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗಳಲ್ಲಿ ತಾವಾಗಿಯೇ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನಿಟ್ಟಿದ್ದಾರೆ. ಅವರ ವರುಣಮಿತ್ರ ಸಹಾಯವಾಣಿಯಲ್ಲಿ ರೈತರು ಕನ್ನಡದಲ್ಲಿಯೇ ವಿಚಾರಿಸಬಹುದು.

ನಕ್ಷೆಯಲ್ಲಿ ಚಂಡಮಾರುತದ ಮುಂದಿನ ದಾರಿಯನ್ನು ಒಂದು ಗೆರೆಯಿಂದ ತೋರಿಸಿ, ಅದರ ಸುತ್ತ ಮುಂದಕ್ಕೆ ಹೋದಂತೆ ಅಗಲವಾಗುವ ಮೊರದಂಥ ಆಕಾರವನ್ನು ಬರೆದಿರುವರು. ಓದುವವರು ನಡುವಿನ ಗೆರೆಯನ್ನೇ ಹಿಡಿದುಕೊಂಡು, ಅದು ತಮ್ಮ ತಾಲ್ಲೂಕಿನ ಮೇಲೆ ಹೋಗಲಿಲ್ಲವೆಂದು ಸಮಾಧಾನಪಡುವರು. ಮೊರದ ಒಳಗೆಲ್ಲಿ ಬೇಕಾದರೂ ಕೇಂದ್ರವು ಹೋಗಬಹುದೆಂಬುದೇ ಅದರ ಅರ್ಥ. ಅಲ್ಲದೆ ಮಳೆಯ ಮೋಡಗಳ ರಾಶಿಯು ಅನೇಕ ವೇಳೆ ಕೇಂದ್ರದ ಒಂದು ಪಕ್ಕಕ್ಕೆ ಸರಿದಿರುವುದರಿಂದ, ಕೇಂದ್ರ ಒಂದೆಡೆ ದಾಟಿದರೆ ಮಳೆ ಮತ್ತೊಂದೆಡೆ ಸುರಿಯುವುದು.

ಹವ್ಯಾಸಿಗಳೆಂದು ಹೇಳಿಕೊಳ್ಳುವ ಕೆಲವರ ಒಂದು ಕೆಟ್ಟ ಅಭ್ಯಾಸವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಹತ್ತು ದಿನಗಳ ಮುಂದಿನ ಹವೆಯನ್ನು ಗಣಕಯಂತ್ರಗಳು ಲೆಕ್ಕ ಹಾಕಿ ಕೊಡುವ ಹಲವಾರು ಚಿತ್ರಗಳಲ್ಲಿ ಅತ್ಯಂತ ಭಯಂಕರವಾದುದೊಂದನ್ನು ಆರಿಸಿ, ಅದೇ ನಿಶ್ಚಯವೆಂಬಂತೆ ಊರೂರಿಗೆ ಹಂಚುವರು. ಇಂತಹ ಮಾತಿಗೆ ಎರಡು ಸಲ ಬೆದರಿದ ರೈತನು ಮೂರನೆಯ ಸಲ ನಿಜವಾದ ಎಚ್ಚರಿಕೆ ಬಂದಾಗ ನಕ್ಕು ಸುಮ್ಮನಾಗುವನು. ತಾರೀಖಿಲ್ಲದ ಚಿತ್ರವನ್ನೂ, ಯಾರು ನೋಡಿದರೆಂದು ತಿಳಿಯದ ಸುದ್ದಿಯನ್ನೂ ಗ್ರಾಮದ ಯಜಮಾನರು ಮುಂದಕ್ಕೆ ಕಳುಹಿಸಕೂಡದು. ಒಳ್ಳೆಯ ಹವ್ಯಾಸಿಯು ನೋಡಿದ್ದನ್ನು ಬೇರೆಯಾಗಿಯೂ ಊಹಿಸಿದ್ದನ್ನು ಬೇರೆಯಾಗಿಯೂ ಬರೆಯುವನು. ಅವನನ್ನು ಗುರುತಿಸುವ ಬಗೆ ಇದು.

ಗ್ರಾಮದ ಕೂಟ ಮತ್ತು ಕೈಗೊಳ್ಳಬೇಕಾದ ಕೆಲಸ

ಒಂದು ಹೋಬಳಿಯಲ್ಲಿ ಪರಸ್ಪರ ದೂರವಾಗಿರುವ ನಾಲ್ಕೈದು ಊರುಗಳಿಂದ ಒಬ್ಬೊಬ್ಬರನ್ನು ಆರಿಸಿ ಕೂಟ ಮಾಡಿಕೊಳ್ಳಬಹುದು. ಉಪಾಧ್ಯಾಯರು, ಹಾಲಿನ ಸಂಘದ ಗುಮಾಸ್ತರು, ಓದು ಬಲ್ಲ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಹಳ ಯೋಗ್ಯರು. ಹೊತ್ತಿಗೆ ಸರಿಯಾಗಿ ನೋಡುವ ಶಿಸ್ತು ಮುಖ್ಯವೇ ಹೊರತು ಪಾಂಡಿತ್ಯವಲ್ಲ. ಸಾಧಾರಣ ದಿನಗಳಲ್ಲಿ ಬೆಳಗ್ಗೆ ೮-೩೦ಕ್ಕೂ ಸಂಜೆ ೫-೩೦ಕ್ಕೂ ನೋಡಿದರೆ ಸಾಕು. ಕೊಲ್ಲಿಯಲ್ಲಿ ಕುಸಿತವಿದೆಯೆಂದು ತಿಳಿದ ಮೇಲೆ ೧೧-೩೦ಕ್ಕೂ ೨-೩೦ಕ್ಕೂ ಸಹ ನೋಡತಕ್ಕದ್ದು. ಪುಸ್ತಕದಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕು, ಕೆಳಮೋಡದ ದಿಕ್ಕು, ವಾಯುಭಾರ, ಮಳೆ, ಷರಾ ಎಂಬ ಕಲಮುಗಳಿರಬೇಕು. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಬೇಕು; ನೋಡಲಾಗದ ದಿನ ಅಡ್ಡಗೆರೆ ಹಾಕಬೇಕು. ಇವೆರಡನ್ನೂ ಒಂದೇ ಮಾಡಿದರೆ ಪುಸ್ತಕವು ನಿರುಪಯೋಗ.

ಇನ್ನು ಬೆಳೆಯ ವಿಚಾರ. ಕುಸಿತವು ನಮ್ಮ ಅಕ್ಷಾಂಶದ ತೀರದ ಕಡೆಗೆ ಬರುತ್ತಿದೆಯೆಂದು ಇಲಾಖೆಯವರು ಹೇಳಿದೊಡನೆ ಹೊಸದಾಗಿ ರಾಗಿ ಕೊಯ್ಯುವುದನ್ನು ನಿಲ್ಲಿಸತಕ್ಕದ್ದು. ಆಳುಗಳನ್ನು ಗೊತ್ತುಮಾಡಿ ಆಗಿದೆ, ಕೂಲಿ ವ್ಯರ್ಥವಾಗುವುದೆಂದು ಅನೇಕರು ಕೊಯ್ದೇ ಬಿಡುವರು. ಇದು ಒಂದು ದಿನದ ಕೂಲಿಗಾಗಿ ವರ್ಷದ ಕಾಳನ್ನು ಪಣವಿಟ್ಟಂತೆ. ನಿಂತ ಪೈರು ಮಳೆಯಲ್ಲಿ ನೆನೆದರೂ ಗಾಳಿಗೆ ಆರುವುದು. ನೆಲದ ಮೇಲೆ ಹರಡಿದ ಅರಿಯು ಕೆಳಗಿನಿಂದಲೂ ಮೇಲಿನಿಂದಲೂ ನೆನೆದು ಮೊಳೆಯುವುದು. ಅದೇ ಆಳುಗಳನ್ನು ಅರಿ ಎತ್ತುವುದಕ್ಕೆ ಹಚ್ಚಬೇಕು. ಒಣಗಿದ್ದನ್ನು ಸಿವುಡು ಕಟ್ಟಿ, ದಿಣ್ಣೆಯ ಮೇಲೆ ಕಲ್ಲು ಅಥವಾ ಕಟ್ಟಿಗೆ ಹಾಸಿ, ತೆನೆ ಒಳಮುಖವಾಗಿ ಮೆದೆ ಹಾಕಿ, ಮೇಲೆ ಹುಲ್ಲಿನ ಹೊದಿಕೆಯನ್ನೋ ಟಾರ್ಪಾಲನ್ನೋ ಹೊದಿಸಿ, ಗಾಳಿಗೆ ಹಾರದಂತೆ ಹಗ್ಗದಿಂದ ಬಿಗಿಯತಕ್ಕದ್ದು. ಇನ್ನೂ ಹಸಿಯಾಗಿರುವುದನ್ನು ದೊಡ್ಡ ಮೆದೆ ಮಾಡಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುವುದು. ಅದನ್ನು ಚಿಕ್ಕ ಚಿಕ್ಕ ಗುಪ್ಪೆಗಳಾಗಿ ಮಾಡಿ, ಮಳೆ ಬಿಟ್ಟ ಮೊದಲ ಬಿಸಿಲಿಗೆ ಬಿಚ್ಚಿ ಹರಡಬೇಕು. ತೊಗರಿ, ಅವರೆ, ಟೊಮ್ಯಾಟೊ ಹೊಲಗಳಲ್ಲಿ ನೀರು ನಿಲ್ಲದಂತೆ ಬಸಿಗಾಲುವೆಗಳನ್ನು ಬಿಡಿಸಬೇಕು. ರೇಷ್ಮೆ ಸಾಕುವವರು ಹುಳುಗಳಿಗೆ ಒದ್ದೆ ಸೊಪ್ಪನ್ನು ಹಾಕಬಾರದು. ಮಳೆಗೆ ಮುನ್ನವೇ ಒಂದು ದಿನದ ಸೊಪ್ಪನ್ನು ತಂದಿಟ್ಟುಕೊಳ್ಳಬೇಕು.

ಕೆರೆಯಿರುವ ಊರುಗಳಲ್ಲಿ ಯಜಮಾನರು ನೀರಗಂಟಿಯನ್ನು ಕರೆದುಕೊಂಡು ಏರಿಯ ಉದ್ದಕ್ಕೂ ನಡೆದು ನೋಡತಕ್ಕದ್ದು. ಕೋಡಿಗೆ ಅಡ್ಡವಾಗಿ ಮೀನಿಗಾಗಿ ಕಟ್ಟಿದ ಬಲೆ, ಬೆಳೆದ ಜಾಲಿ, ಸುರಿದ ಮಣ್ಣು ಏನಿದ್ದರೂ ಅಂದೇ ತೆಗೆಸಬೇಕು. ಏರಿಯಲ್ಲಿ ಇಲಿ ಹೆಗ್ಗಣಗಳ ಬಿಲಗಳಿದ್ದರೆ ಮುಚ್ಚಿಸಬೇಕು. ತೂಬು ತೆರೆಯುವುದೋ ಇಲ್ಲವೋ ಎಂಬುದನ್ನು ಹಗಲಿನಲ್ಲಿಯೇ ಪರೀಕ್ಷಿಸಬೇಕು. ನೀರು ಏರಿದ ಮೇಲೆ ರಾತ್ರಿಯಲ್ಲಿ ಅದು ಜೀವಕ್ಕೆ ಅಪಾಯಕರ. ಮೇಲಿನ ಕೆರೆಯ ಊರಿನವರು ತಮ್ಮ ಕೋಡಿ ಹರಿಯಲಾರಂಭಿಸಿದ ಹೊತ್ತನ್ನು ಕೆಳಗಿನ ಕೆರೆಯ ಊರಿನವರಿಗೆ ಕೂಡಲೇ ತಿಳಿಸತಕ್ಕದ್ದು. ಸರಪಣಿಯ ಕೆರೆಗಳಲ್ಲಿ ಮೇಲಿನದೊಂದು ಒಡೆದರೆ ಕೆಳಗಿನವೆಲ್ಲಕ್ಕೂ ಅಪಾಯವಿರುವುದರಿಂದ, ನಮ್ಮ ಅಭಿಪ್ರಾಯದಲ್ಲಿ ಕೂಟದ ಮೊದಲ ಸದಸ್ಯರನ್ನು ಇಂತಹ ಮೇಲಿನ ಕೆರೆಯ ಊರುಗಳಿಂದಲೇ ಆರಿಸುವುದು ಉಚಿತ.

ಚಂಡಮಾರುತ ಹಾದುಹೋದ ಮೇಲೆ ಪುಸ್ತಕವನ್ನು ಮುಚ್ಚಿಡದೆ, ಗಾಳಿ ತಿರುಗಿದ ಹೊತ್ತು, ಮಳೆ ಹಿಡಿದ ಮತ್ತು ಬಿಟ್ಟ ಹೊತ್ತು, ಕೋಡಿ ಬಿದ್ದ ಹೊತ್ತು, ಎಷ್ಟು ಎಕರೆ ಅರಿ ನೆನೆಯಿತು, ಎಷ್ಟು ಉಳಿಯಿತು ಎಂಬುದನ್ನು ಷರಾದಲ್ಲಿ ಬರೆದು, ಅದರ ನಕಲನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಬೇಕು. ಬೆಳೆ ವಿಮೆ ಮಾಡಿಸಿದವರು ಕೊಯ್ದಿಟ್ಟ ಬೆಳೆಗೆ ಆದ ನಷ್ಟವನ್ನು ೭೨ ಗಂಟೆಗಳೊಳಗಾಗಿ ತಿಳಿಸಬೇಕೆಂಬ ನಿಬಂಧನೆಯಿರುವುದರಿಂದ, ಹೊತ್ತು ತಾರೀಖುಗಳನ್ನು ಸರಿಯಾಗಿ ಬರೆದ ಈ ಪುಸ್ತಕವು ಆ ಸಮಯದಲ್ಲಿಯೂ ಉಪಯೋಗಕ್ಕೆ ಬರುವುದು.